ಯೋಗ ಅಂದ್ರೆ ಮೈ ನೋಯಲೇಬೇಕಾ? ಕೃಷ್ಣಮಾಚಾರ್ಯರ ಬದುಕು ಏನು ಹೇಳುತ್ತದೆ

ನೋವಾದರೂ ಬಿಡದೆ ಮಾಡಿದರೆ ಮಾತ್ರ ಯೋಗ ಫಲ ಕೊಡುತ್ತದೆ, ಹಳೆಯ ಗುರುಗಳು ಕಲಿಸಿದ್ದೇ ಹಾಗೆ ಎಂಬ ಮಾತು ವಾಟ್ಸಾಪ್‌ನಲ್ಲಿ ಆಗಾಗ ಓಡಾಡುತ್ತದೆ. ಗೋವಿಂದರಾಜನಗರದ ಪಾರ್ಕಿನಲ್ಲಿ ಹೊಸದಾಗಿ ಮ್ಯಾಟ್ ಹಾಸುವವರೂ ಇದನ್ನು ನಂಬಿಬಿಡುತ್ತಾರೆ. ಇದು ಎಷ್ಟು ನಿಜ? ಆಧುನಿಕ ಯೋಗದ ಗುರು ಎಂದೇ ಹೆಸರಾದ ಕನ್ನಡ ನಾಡಿನ ತಿರುಮಲೈ ಕೃಷ್ಣಮಾಚಾರ್ಯರ ಜೀವನವನ್ನೇ ನಾವು ನೋಡೋಣ.

ಮೈಸೂರಿನ ದಿನಗಳು

ಕೃಷ್ಣಮಾಚಾರ್ಯರು ಹುಟ್ಟಿದ್ದು 1888ರ ನವೆಂಬರ್ 18ರಂದು, ಚಿತ್ರದುರ್ಗ ಜಿಲ್ಲೆಯಲ್ಲಿ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು, ಮೈಸೂರಿನ ಪರಕಾಲ ಮಠದಲ್ಲಿ ಓದಿದರು. ಕೆಲಕಾಲ ಹಾಸನದ ಕಾಫಿ ತೋಟದಲ್ಲೂ ದುಡಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. 1934ರಲ್ಲಿ ಕನ್ನಡದಲ್ಲೇ ಯೋಗ ಮಕರಂದ ಬರೆದರು.

ಅಲ್ಲಿ ಕಲಿಯುತ್ತಿದ್ದವರು ಹೆಚ್ಚಾಗಿ ಹುಡುಗರು. ವೇಗದ, ಕಠಿಣ ಅಭ್ಯಾಸ. ಗುರುಗಳೂ ಬಲು ಕಟ್ಟುನಿಟ್ಟು. ಅವರ ಭಾವಮೈದುನ ಬಿ.ಕೆ.ಎಸ್. ಅಯ್ಯಂಗಾರ್ ಆಗ ಕಾಯಿಲೆಯಿಂದ ಬಡಕಲಾದ ಹುಡುಗ. ತಯಾರಿಯಿಲ್ಲದೆ ಹನುಮಾನಾಸನ ಮಾಡಿಸಿದ್ದರಿಂದ ತೊಡೆಯ ಹಿಂಭಾಗದ ಸ್ನಾಯು ಹರಿದು, ಬಹುಕಾಲ ನಡೆಯಲು ಕಷ್ಟಪಟ್ಟದ್ದನ್ನು ಅಯ್ಯಂಗಾರ್ ಮುಂದೆ ಹೇಳಿಕೊಂಡಿದ್ದರು. ಫಾರ್ವರ್ಡ್‌ಗಳು ಬಿಟ್ಟುಬಿಡುವ ಭಾಗ ಇದೇ.

ಮದ್ರಾಸಿನಲ್ಲಿ ಬದಲಾದ ಪಾಠ

1950ರ ಹೊತ್ತಿಗೆ ಯೋಗಶಾಲೆ ಮುಚ್ಚಿತು. ಮದ್ರಾಸಿಗೆ ಹೋದ ಗುರುಗಳ ಬಳಿ ವಯಸ್ಸಾದವರು, ರೋಗಿಗಳು ಬರತೊಡಗಿದರು. ಅವರು ಒಬ್ಬೊಬ್ಬರಿಗೂ ಬೇರೆ ಬೇರೆ ಪಾಠ ರೂಪಿಸಿದರು. ವಯಸ್ಸು, ಕೆಲಸ, ಆರೋಗ್ಯ ನೋಡಿ ಆಸನವನ್ನೇ ಬದಲಿಸುತ್ತಿದ್ದರು. ಚಲನೆ ಉಸಿರಿನ ಜೊತೆಗೇ ಸಾಗಬೇಕು ಎಂಬುದು ಅವರ ಮುಖ್ಯ ಪಾಠ. ಆಸನಕ್ಕೆ ದೇಹವನ್ನು ಬಗ್ಗಿಸುವ ಬದಲು ದೇಹಕ್ಕೆ ಆಸನವನ್ನು ಹೊಂದಿಸಿದರು.

96ನೇ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದಾಗ ಶಸ್ತ್ರಚಿಕಿತ್ಸೆ ಬೇಡವೆಂದು ಹಾಸಿಗೆಯಲ್ಲೇ ಅಭ್ಯಾಸ ಮಾಡಿದರು. ಇದನ್ನು ಯಾರೂ ಅನುಕರಿಸಬಾರದು. ಮೂಳೆ ಮುರಿದರೆ ಮೊದಲು ಆಸ್ಪತ್ರೆಗೆ ಹೋಗಬೇಕು. 1989ರ ಫೆಬ್ರವರಿಯಲ್ಲಿ, ನೂರು ದಾಟಿದ ಮೇಲೆ ತೀರಿಕೊಂಡರು.

ಹೊಸಬರು ಏನು ಮಾಡಬೇಕು?

ಉಸಿರನ್ನೇ ಅಳತೆಗೋಲು ಮಾಡಿಕೊಳ್ಳಿ. ಉಸಿರು ಕಟ್ಟಿದರೆ, ಏದುಸಿರು ಬಂದರೆ ಮಿತಿ ದಾಟಿದ್ದೀರಿ ಎಂದರ್ಥ. ಹಿತವಾದ ಎಳೆತ ಸರಿ. ಚುಚ್ಚುವ ನೋವು, ಜೋಮು, ತಲೆಸುತ್ತು ಕಂಡರೆ ತಕ್ಷಣ ನಿಲ್ಲಿಸಿ. ಊಟವಾಗಿ ಎರಡು ಮೂರು ಗಂಟೆ ಕಳೆದಿರಲಿ. ಕೈಕಾಲು ಸಡಿಲಿಸಿಕೊಂಡು ಶುರು ಮಾಡಿ. ಬಗ್ಗಿದಾಗ ಕೈ ನೆಲ ಮುಟ್ಟದಿದ್ದರೆ ಮಂಡಿ ಸ್ವಲ್ಪ ಮಡಚಿ, ಇಲ್ಲವೇ ಕುರ್ಚಿ ಹಿಡಿಯಿರಿ. ಬಿಪಿ, ಗ್ಲಾಕೋಮಾ, ಕತ್ತಿನ ತೊಂದರೆ ಇರುವವರು ಶೀರ್ಷಾಸನಕ್ಕೆ ಹೋಗಬೇಡಿ. ಗರ್ಭಿಣಿಯರು, ಆಪರೇಷನ್ ಆದವರು ವೈದ್ಯರನ್ನು ಕೇಳಿಯೇ ಶುರು ಮಾಡಿ.

ಹಾಗಾಗಿ, ನೋವೇ ಯೋಗದ ಗುರುತು ಎಂಬ ಮಾತು ತಪ್ಪು. ಆ ಮೆಸೇಜ್ ಮತ್ತೆ ಬಂದರೆ, ಮುಂದಕ್ಕೆ ಕಳಿಸುವ ಮುನ್ನ ಅಯ್ಯಂಗಾರರ ಕಾಲಿಗಾದ ಗಾಯವನ್ನು ನೆನಪಿಸಿಕೊಳ್ಳಿ.