ಟೇಬಲ್ ತುಂಬುವ ಮೊದಲು ಬೆಲ್ಮನ್‌ರನ್ನು ತಿಳಿಯೋಣ

ಲ್ಯಾಬಿನಲ್ಲಿ ಎಲ್‌ಸಿಎಸ್ ಪ್ರೋಗ್ರಾಮ್ ಬಂತು ಅಂದ್ರೆ ನಾವು ಮಾಡೋದು ಒಂದೇ: ಟೇಬಲ್ ಹಾಕಿ, ಎರಡು ಫಾರ್ ಲೂಪ್ ಬರೆದು, ಔಟ್‌ಪುಟ್ ತೋರಿಸಿ ಹೊರಡೋದು. ಆ ಟೇಬಲ್ಲಿನ ಹಿಂದಿರುವ ಡೈನಾಮಿಕ್ ಪ್ರೋಗ್ರಾಮಿಂಗ್ ವಿಧಾನ ರಿಚರ್ಡ್ ಬೆಲ್ಮನ್ ಅವರದು.

ಬೆಲ್ಮನ್ ಹುಟ್ಟಿದ್ದು 1920ರ ಆಗಸ್ಟ್ 26ರಂದು, ನ್ಯೂಯಾರ್ಕಿನಲ್ಲಿ. ಬ್ರೂಕ್ಲಿನ್ ಕಾಲೇಜಿನಲ್ಲಿ ಗಣಿತ ಓದಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಲಾಸ್ ಅಲಮೋಸ್‌ನಲ್ಲಿ ಕೆಲಸ ಮಾಡಿದರು. 1946ರಲ್ಲಿ ಪ್ರಿನ್ಸ್‌ಟನ್ನಿನಿಂದ ಪಿಎಚ್‌ಡಿ ಪಡೆದರು. ಮುಂದೆ ರ‍್ಯಾಂಡ್ ಕಾರ್ಪೊರೇಷನ್ನಿನಲ್ಲಿ, ಹಂತಹಂತವಾಗಿ ನಿರ್ಧಾರ ತೆಗೆದುಕೊಳ್ಳಬೇಕಾದ ಸಮಸ್ಯೆಗಳ ಬೆನ್ನು ಹತ್ತಿದರು.

ಹೆಸರಿನ ಕಥೆ ಅವರ ಆತ್ಮಕಥೆಯಲ್ಲೇ ಇದೆ. ಆಗಿನ ರಕ್ಷಣಾ ಕಾರ್ಯದರ್ಶಿಗೆ ಸಂಶೋಧನೆ ಅನ್ನೋ ಪದವೇ ಆಗುತ್ತಿರಲಿಲ್ಲವಂತೆ. ಗಣಿತದ ಕೆಲಸ ಉಳಿಯಬೇಕಾದರೆ ಯಾರೂ ಆಕ್ಷೇಪಿಸದ ಹೆಸರು ಬೇಕಿತ್ತು. ಇಲ್ಲಿ ಪ್ರೋಗ್ರಾಮಿಂಗ್ ಅಂದ್ರೆ ಕೋಡ್ ಬರೆಯೋದಲ್ಲ, ಯೋಜನೆ ಹಾಕೋದು. 1957ರಲ್ಲಿ ಅದೇ ಹೆಸರಿನ ಪುಸ್ತಕ ಬಂತು.

ಎಲ್‌ಸಿಎಸ್ ಬೆಲ್ಮನ್ ಕಂಡುಹಿಡಿದದ್ದಲ್ಲ, ಆದರೆ ಅದರ ಜೀವ ಅವರ ತತ್ವದಲ್ಲಿದೆ. ಅರಮನೆ, ಅಡುಗೆಮನೆ ಎಂಬ ಎರಡು ಪದ ತಗೊಳ್ಳೋಣ. ಕ್ರಮ ಕೆಡದಂತೆ ಎರಡರಲ್ಲೂ ಸಿಗುವ ಅತಿ ಉದ್ದದ ಸಾಲು ಅ, ಮ, ನೆ. ಉದ್ದ 3. ಕೊನೆಯ ಅಕ್ಷರಗಳು ಒಂದೇ ಆಗಿದ್ದರೆ ಎರಡನ್ನೂ ತೆಗೆದು, ಉಳಿದ ಭಾಗದ ಉತ್ತರಕ್ಕೆ 1 ಕೂಡಿಸಬೇಕು. ಬೇರೆ ಆಗಿದ್ದರೆ ಒಮ್ಮೆ ಇದನ್ನು, ಒಮ್ಮೆ ಅದನ್ನು ಬಿಟ್ಟು ನೋಡಿ, ದೊಡ್ಡ ಉತ್ತರ ಇಟ್ಟುಕೊಳ್ಳಬೇಕು. ಒಮ್ಮೆ ಸಿಕ್ಕ ಉತ್ತರವನ್ನು ಬರೆದಿಟ್ಟರೆ ಮತ್ತೆ ಲೆಕ್ಕ ಹಾಕೋ ಕೆಲಸ ಇಲ್ಲ. 30 ಅಕ್ಷರಗಳ ಒಂದು ಸಾಲಿನ ಉಪಸಾಲುಗಳೇ 100 ಕೋಟಿ ದಾಟುತ್ತವೆ. ಅಂಥ ಎರಡು ಸಾಲುಗಳಿಗೆ ಟೇಬಲ್ಲಿನಲ್ಲಿ ಬೇಕಾಗೋದು ಬರೀ 900 ಮನೆ.

1965ರಲ್ಲಿ ಬೆಲ್ಮನ್ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸೇರಿದರು. ಗಣಿತ, ಎಲೆಕ್ಟ್ರಿಕಲ್ ಎಂಜಿನಿಯರಿಂಗ್, ವೈದ್ಯಕೀಯ, ಮೂರಕ್ಕೂ ಅವರು ಪ್ರಾಧ್ಯಾಪಕರು. 1973ರಲ್ಲಿ ಮೆದುಳಿನಲ್ಲಿ ಗೆಡ್ಡೆ ಪತ್ತೆಯಾಯಿತು. ಶಸ್ತ್ರಚಿಕಿತ್ಸೆ ಆಯಿತು, ಆದರೆ ಅದರ ತೊಡಕುಗಳಿಂದ ದೇಹ ತೀವ್ರವಾಗಿ ಸೋತಿತು. ಬರವಣಿಗೆ ಮಾತ್ರ ನಿಲ್ಲಲಿಲ್ಲ. ಆಮೇಲಿನ 11 ವರ್ಷಗಳಲ್ಲಿ ಸುಮಾರು 100 ಪ್ರಬಂಧ ಹೊರಬಂದವು. 1979ರಲ್ಲಿ ಐಇಇಇ ಮೆಡಲ್ ಆಫ್ ಆನರ್ ಬಂತು. 1984ರ ಮಾರ್ಚ್ 19ರಂದು ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡರು.

ಶಾರ್ಟೆಸ್ಟ್ ಪಾತ್ ಓದುವಾಗ ಬರುವ ಬೆಲ್ಮನ್-ಫೋರ್ಡ್‌ನಲ್ಲಿ ಇರೋದೂ ಇವರದೇ ಹೆಸರು. ವೈವಾದಲ್ಲಿ ಡೈನಾಮಿಕ್ ಪ್ರೋಗ್ರಾಮಿಂಗ್ ಅಂದ್ರೇನು ಅಂತ ಕೇಳಿದರೆ ನಾವು ಇಷ್ಟು ಹೇಳಿದರೂ ಸಾಕು: ಸಣ್ಣ ಸಮಸ್ಯೆಯನ್ನು ಒಂದೇ ಸಲ ಬಿಡಿಸಿ, ಉತ್ತರ ಬರೆದಿಟ್ಟು, ದೊಡ್ಡದಕ್ಕೆ ಬಳಸೋದು.