ಮಹಾರಾಣಿ ಕಮಲಾದೇವಿ ಮತ್ತು ದೇಗಾಂವದ ಅಗ್ರಹಾರ

ಗೋಮಂತಕವನ್ನು ಗೋಪಕಪಟ್ಟಣದಿಂದ ಆಳಿದ ಕದಂಬರ ಶೌರ್ಯದ ಕಥೆಗಳನ್ನು ಹಿರಿಯರ ಬಾಯಿಂದ ಕೇಳಿದವರು ನಮ್ಮಲ್ಲಿ ಬಹಳ ಮಂದಿ. ಅದೇ ಮನೆತನದ ಮಹಾರಾಣಿ ಕಮಲಾದೇವಿಯು ನಡೆಸಿದ ಧರ್ಮಕಾರ್ಯವನ್ನು ಅರಿತವರು ಮಾತ್ರ ವಿರಳ. ಮ್ಹಾಪಸೆಯಿಂದ ಘಟ್ಟವನ್ನೇರಿ ಬೆಳಗಾವಿಯನ್ನು ದಾಟಿ ಕಿತ್ತೂರಿನ ಸೀಮೆಗೆ ಹೋದರೆ ದೇಗಾಂವವೆಂಬ ಗ್ರಾಮವು ದೊರೆಯುತ್ತದೆ. ಅಲ್ಲಿಯ ಕಮಲನಾರಾಯಣ ದೇವಾಲಯವು ಆಕೆಯ ನಾಮಧೇಯವನ್ನು ಇಂದಿಗೂ ಧರಿಸಿಕೊಂಡಿದೆ.

ಕಮಲಾದೇವಿಯು ಕಾಮದೇವನಿಗೂ ಚಟ್ಟಲದೇವಿಗೂ ಜನಿಸಿದವಳು. ಆಕೆಯ ಕೈಹಿಡಿದ ಪೆರ್ಮಾಡಿದೇವನು ಇಮ್ಮಡಿ ಜಯಕೇಶಿಯ ಪುತ್ರ; ಅವನ ತಾಯಿ ಮೈಲಲದೇವಿಯು ಕಲ್ಯಾಣದ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಮಗಳು. ೧೧೪೭ರ ಸುಮಾರಿಗೆ ಪಟ್ಟಕ್ಕೆ ಬಂದ ಪೆರ್ಮಾಡಿಗೆ ಶಿವಚಿತ್ತನೆಂಬ ಬಿರುದು, ತಮ್ಮನಾದ ವಿಜಯಾದಿತ್ಯನಿಗೆ ವಿಷ್ಣುಚಿತ್ತನೆಂಬ ಬಿರುದು. ಹರಿಹರರಿಬ್ಬರೂ ಒಂದೇ ಅರಮನೆಯಲ್ಲಿ ನೆಲೆಸಿದ್ದರೆಂದರೆ ತಪ್ಪಾಗಲಾರದು. ಕುಲದೈವನಾದ ಸಪ್ತಕೋಟೀಶ್ವರನನ್ನು ಆರಾಧಿಸುತ್ತಿದ್ದ ಆ ಅರಸನೇ ೧೧೬೯ರಲ್ಲಿ ಹಲಸಿಯ ನರಸಿಂಹನಿಗೆ ದಾನವನ್ನಿತ್ತನು. ಅಂತಹವನ ಅರಸಿಯು ನಾರಾಯಣನಿಗೆ ಆಲಯವನ್ನು ಕಟ್ಟಿಸಿದುದರಲ್ಲಿ ಆಶ್ಚರ್ಯವೇನು?

ಕಲಿಯುಗದ ೪೨೭೫ನೆಯ ವರ್ಷದಲ್ಲಿ, ಎಂದರೆ ಕ್ರಿ. ಶ. ೧೧೭೪ರಲ್ಲಿ, ದೇಗಾಂವವು ಬ್ರಾಹ್ಮಣರ ಅಗ್ರಹಾರವಾಯಿತು. ಈ ಅರಸರು ತಮ್ಮ ಶಾಸನಗಳಲ್ಲಿ ಕಲಿವರ್ಷವನ್ನು ಬಳಸುತ್ತಿದ್ದುದು ಒಂದು ವಿಶೇಷವೇ ಸರಿ. ಅಗ್ರಹಾರವೆಂದೊಡನೆ ಬರಿಯ ಬ್ರಾಹ್ಮಣರ ಬೀದಿಯೆಂದು ಈಗಿನವರು ತಿಳಿಯುವುದುಂಟು. ಆ ಕಾಲದಲ್ಲಿ ಅದು ಮಠದಂತೆಯೇ ವಿದ್ಯೆಯ ನೆಲೆಯಾಗಿತ್ತು. ಅರಸನು ಗ್ರಾಮದ ಉತ್ಪನ್ನವನ್ನು ವೃತ್ತಿಗಳಾಗಿ ವಿಭಾಗಿಸಿ ವಿದ್ವಾಂಸರಿಗೆ ಧಾರೆಯೆರೆದು ಕೊಡುತ್ತಿದ್ದನು. ಆ ವೃತ್ತಿವಂತರಾದ ಮಹಾಜನರು ಊರಿನ ಆಡಳಿತವನ್ನು ನೋಡಿಕೊಳ್ಳುತ್ತ, ದೇವರ ಪೂಜೆ ನಿಲ್ಲದಂತೆ ಕಾಯುತ್ತ, ಮನೆಗೆ ಬಂದ ವಟುಗಳಿಗೆ ವೇದಶಾಸ್ತ್ರಗಳನ್ನು ಹೇಳಿಕೊಡುತ್ತಿದ್ದರು. ಅನ್ನಕ್ಕಾಗಿ ಗುರುವೂ ಅಲೆಯಬೇಕಾಗಿರಲಿಲ್ಲ, ಶಿಷ್ಯನೂ ಅಲೆಯಬೇಕಾಗಿರಲಿಲ್ಲ. ಶಿಖರವನ್ನೆತ್ತಿ ಕಲಶವನ್ನಿಟ್ಟರೆ ಸಾಲದು, ಒಳಗೆ ದೀಪ ಹಚ್ಚುವವನಿಗೂ ಪಾಠ ಹೇಳುವವನಿಗೂ ಹೊಟ್ಟೆಯುಂಟೆಂಬುದನ್ನು ಆ ರಾಜದಂಪತಿಗಳು ಚೆನ್ನಾಗಿ ಅರಿತಿದ್ದರು. ಜೀರ್ಣೋದ್ಧಾರಕ್ಕೆ ಕೈಹಾಕಿರುವ ನಾವು ದೇವಾಲಯದ ಲೆಕ್ಕಪತ್ರವನ್ನು ಬರೆಯುವಾಗ ಈ ಕಡೆಗೂ ಒಂದಿಷ್ಟು ಲಕ್ಷ್ಯವಿಟ್ಟರೆ ಲೇಸು.

ದೇವಾಲಯಕ್ಕೆ ಮೂರು ಗರ್ಭಗೃಹಗಳು. ಒಂದರಲ್ಲಿ ನಾರಾಯಣನು, ಇನ್ನೊಂದರಲ್ಲಿ ಲಕ್ಷ್ಮಿಯನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡ ಲಕ್ಷ್ಮೀನಾರಾಯಣನು, ಮತ್ತೊಂದರಲ್ಲಿರುವ ಮೂರ್ತಿಯನ್ನು ಕಮಲಾದೇವಿಯದೆಂದೇ ಜನರು ಹೇಳುತ್ತಾರೆ. ದೇವರಿಗೆ ಗುಡಿ ಕಟ್ಟಿಸಿದವಳನ್ನು ಜನರೇ ಗುಡಿಯೊಳಗೆ ಕಂಡುಕೊಂಡ ಬಗೆ ಇದು.

ಪೆರ್ಮಾಡಿಯ ತರುವಾಯ ಸಿಂಹಾಸನವು ತಮ್ಮನಾದ ವಿಜಯಾದಿತ್ಯನ ಪೀಳಿಗೆಗೆ ಸೇರಿತು. ವಿಜಯಾದಿತ್ಯನ ಮಗ ಮುಮ್ಮಡಿ ಜಯಕೇಶಿಯು ಅರಸನಾದನು. ಹದಿನಾಲ್ಕನೆಯ ಶತಮಾನದಲ್ಲಿ ಕದಂಬರ ರಾಜ್ಯವೇ ಅಳಿಯಿತು. ಸಪ್ತಕೋಟೀಶ್ವರನೂ ತನ್ನ ಮೂಲಸ್ಥಾನವನ್ನು ಬಿಟ್ಟು ನಾರ್ವೆಗೆ ಬರಬೇಕಾಯಿತು. ಅಲ್ಲಿಯ ಗುಡಿಯನ್ನು ೧೬೬೮ರಲ್ಲಿ ಶಿವಾಜಿ ಮಹಾರಾಜರು ಜೀರ್ಣೋದ್ಧಾರ ಮಾಡಿಸಿದರು. ದೇಗಾಂವದಲ್ಲಿ ಮಾತ್ರ ಕಮಲಾದೇವಿಯ ಕಲ್ಲಿನ ಗುಡಿಯು ಇನ್ನೂ ನಿಂತಿದೆ. ರಾಣಿಯ ಹೆಸರಿನೊಡನೆ ಅದನ್ನು ಕಟ್ಟಿದ ಪ್ರಧಾನ ಶಿಲ್ಪಿ ತಿಪ್ಪೋಜನ ಹೆಸರೂ ಉಳಿದುಬಂದಿದೆ.