ಸತ್ತ ಐದು ದಶಕಗಳ ಬಳಿಕವೂ ವರ್ಷದ ಪಟ್ಟಿಯಲ್ಲಿ: ಜಾನ್ ಕೋಲ್ಟ್ರೇನ್

ಡಿಸೆಂಬರ್ ಬಂತೆಂದರೆ ಅಮೆರಿಕದ ಜಾಝ್ ರೇಡಿಯೊ ಕೇಂದ್ರಗಳಲ್ಲಿ ಪಟ್ಟಿಗಳ ಕಾಲ. ವರ್ಷವಿಡೀ ಪ್ರಸಾರವಾದ ಆಲ್ಬಂಗಳಲ್ಲಿ ತಮಗೆ ಮೆಚ್ಚುಗೆಯಾದವುಗಳನ್ನು ನಿರೂಪಕರು ಆರಿಸಿ ಕೇಳುಗರ ಮುಂದಿಡುತ್ತಾರೆ. ಹೊಸ ಕಲಾವಿದರ ಜೊತೆಗೆ, ಬಹುಕಾಲ ಮರೆಯಲ್ಲಿದ್ದು ಬೆಳಕಿಗೆ ಬಂದ ಹಳೆಯ ಧ್ವನಿಮುದ್ರಣಗಳಿಗೂ ಅಲ್ಲಿ ಜಾಗವುಂಟು. ಈ ಎರಡನೆಯ ಗುಂಪಿನಲ್ಲಿ ಮತ್ತೆ ಮತ್ತೆ ಕಾಣಿಸುವ ಹೆಸರು ಜಾನ್ ಕೋಲ್ಟ್ರೇನ್. ಅವರ ವಾದನದ ಅಪ್ರಕಟಿತ ಮುದ್ರಣಗಳು 2005, 2018, 2019, 2021 ಹಾಗೂ 2023ರಲ್ಲಿ ಆಲ್ಬಂಗಳಾಗಿ ಹೊರಬಂದವು. ಆದರೆ ಅವರು ತೀರಿಕೊಂಡದ್ದು 1967ರ ಜುಲೈ 17ರಂದು. ಆಗ ಅವರ ವಯಸ್ಸು ಕೇವಲ 40.

ಸ್ಯಾಕ್ಸೊಫೋನ್ ಎಂದೊಡನೆ ಕನ್ನಡಿಗರಿಗೆ ಕದ್ರಿ ಗೋಪಾಲನಾಥ್ ನೆನಪಾಗುವುದು ಸಹಜ. ಕರ್ನಾಟಕ ಸಂಗೀತದಲ್ಲಿ ಆ ವಾದ್ಯದೊಂದಿಗೆ ಅವರ ಹೆಸರು ಹೇಗೆ ಬೆಸೆದುಕೊಂಡಿದೆಯೋ, ಜಾಝ್ ಲೋಕದಲ್ಲಿ ಕೋಲ್ಟ್ರೇನ್ ಹೆಸರೂ ಹಾಗೆಯೇ ಬೆಸೆದುಕೊಂಡಿದೆ.

ಕೋಲ್ಟ್ರೇನ್ ಜನಿಸಿದ್ದು 1926ರ ಸೆಪ್ಟೆಂಬರ್ 23ರಂದು, ನಾರ್ತ್ ಕೆರೊಲಿನಾ ರಾಜ್ಯದ ಹ್ಯಾಮ್ಲೆಟ್ ಎಂಬ ಸಣ್ಣ ಊರಿನಲ್ಲಿ. ಬೆಳೆದದ್ದು ಅದೇ ರಾಜ್ಯದ ಹೈ ಪಾಯಿಂಟ್‌ನಲ್ಲಿ. ತಂದೆ ದರ್ಜಿ, ತಾಯಿಯ ತಂದೆ ಕಪ್ಪುಜನರ ಚರ್ಚಿನಲ್ಲಿ ಪಾದ್ರಿ. ಬಾಲಕನಿಗೆ 12 ವರ್ಷವಾಗಿದ್ದಾಗ, ಕೆಲವೇ ತಿಂಗಳ ಅಂತರದಲ್ಲಿ ತಂದೆಯೂ ಅಜ್ಜನೂ ತೀರಿಕೊಂಡರು. ತಾಯಿ ದುಡಿಮೆಗಾಗಿ ಉತ್ತರದ ನಗರಗಳಿಗೆ ಹೊರಟರು. ಮಗನ ಕೈಗೆ ಮೊದಲು ಬಂದದ್ದು ಕ್ಲಾರಿನೆಟ್, ಬಳಿಕ ಸ್ಯಾಕ್ಸೊಫೋನ್. 1943ರಲ್ಲಿ ಫಿಲಡೆಲ್ಫಿಯಾ ಸೇರಿದ ಅವರು ಸಕ್ಕರೆ ಕಾರ್ಖಾನೆಯಲ್ಲಿ ದುಡಿಯುತ್ತ ಸಂಗೀತ ಶಾಲೆಯಲ್ಲಿ ಕಲಿತರು. ನೌಕಾಪಡೆಯಲ್ಲಿ ಒಂದು ವರ್ಷ ಸೇವೆ ಸಲ್ಲಿಸಿ 1946ರಲ್ಲಿ ಮರಳಿದರು. ಮುಂದೆ ಡಿಜ್ಜಿ ಗಿಲೆಸ್ಪಿ, ಜಾನಿ ಹಾಡ್ಜಸ್ ಮೊದಲಾದ ಹಿರಿಯರ ತಂಡಗಳಲ್ಲಿ ನುಡಿಸಿದರು. ಬಿಡುವು ಸಿಕ್ಕಾಗಲೆಲ್ಲ ಗಂಟೆಗಟ್ಟಲೆ ಅಭ್ಯಾಸಕ್ಕೆ ಕೂರುವುದು ಅವರ ಜೀವನಕ್ರಮವಾಗಿತ್ತು.

ಆದರೆ ಆ ಕಾಲದ ಅನೇಕ ಜಾಝ್ ಕಲಾವಿದರನ್ನು ಬಲಿ ತೆಗೆದುಕೊಂಡ ಹೆರಾಯಿನ್ ಚಟ ಅವರನ್ನೂ ಹಿಡಿಯಿತು. ಜೊತೆಗೆ ಮದ್ಯ. ಚಟದ ಕಾರಣಕ್ಕೆ ಹಾಡ್ಜಸ್ ತಂಡದಲ್ಲಿ ಅವರು ಉಳಿಯಲಾಗಲಿಲ್ಲ. 1955ರಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರನ್ನು ತಮ್ಮ ತಂಡಕ್ಕೆ ಕರೆದುಕೊಂಡರು. 1957ರಲ್ಲಿ ಅದೇ ಮೈಲ್ಸ್ ಅವರನ್ನು ಹೊರಹಾಕಿದರು. ಮೂವತ್ತರ ವಯಸ್ಸಿನಲ್ಲಿ ಕೆಲಸ ಕಳೆದುಕೊಂಡು ಫಿಲಡೆಲ್ಫಿಯಾಕ್ಕೆ ಹಿಂದಿರುಗಿದ ಕೋಲ್ಟ್ರೇನ್ ತಾಯಿಯ ಮತ್ತು ಪತ್ನಿ ನಈಮಾ ಅವರ ಆಸರೆಯಲ್ಲಿ ಆ ಚಟವನ್ನು ಬಿಟ್ಟರು. ಆ ದಿನಗಳಲ್ಲಿ ತಮಗಾದ ಆಧ್ಯಾತ್ಮಿಕ ಅನುಭವವೇ ಮುಂದಿನ ಬದುಕನ್ನು ನಡೆಸಿತೆಂದು ಅವರು ನಂತರ ಬರೆದುಕೊಂಡಿದ್ದಾರೆ. ಅವರ ಕೀರ್ತಿಗೆ ಕಾರಣವಾದ ಬಹುಪಾಲು ಸಂಗೀತ ಹುಟ್ಟಿದ್ದು ಅಲ್ಲಿಂದೀಚಿನ ಹತ್ತೇ ವರ್ಷಗಳಲ್ಲಿ.

ಅದೇ ವರ್ಷ ಪಿಯಾನೊ ವಾದಕ ಥೆಲೋನಿಯಸ್ ಮಂಕ್ ಅವರೊಡನೆ ನ್ಯೂಯಾರ್ಕಿನ ಫೈವ್ ಸ್ಪಾಟ್ ಕ್ಲಬ್ಬಿನಲ್ಲಿ ತಿಂಗಳುಗಟ್ಟಲೆ ನುಡಿಸಿದರು. ನವೆಂಬರ್ 29ರಂದು ಕಾರ್ನೆಗಿ ಹಾಲ್‌ನಲ್ಲಿ ಇಬ್ಬರೂ ನೀಡಿದ ಕಛೇರಿಯನ್ನು ಅಮೆರಿಕ ಸರ್ಕಾರದ ವಿದೇಶ ಪ್ರಸಾರ ಸಂಸ್ಥೆ 'ವಾಯ್ಸ್ ಆಫ್ ಅಮೆರಿಕ' ಧ್ವನಿಮುದ್ರಿಸಿಕೊಂಡಿತು. ಆ ಟೇಪುಗಳು 48 ವರ್ಷ ಯಾರ ಗಮನಕ್ಕೂ ಬಾರದೆ ಉಳಿದವು. 2005ರಲ್ಲಿ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಅವು ಪತ್ತೆಯಾಗಿ, ಅದೇ ವರ್ಷ ಆಲ್ಬಂ ಆಗಿ ಹೊರಬಂದವು.

ಮೈಲ್ಸ್ ತಂಡಕ್ಕೆ 1958ರಲ್ಲಿ ಮರಳಿದ ಕೋಲ್ಟ್ರೇನ್, ಮರುವರ್ಷ 'ಕೈಂಡ್ ಆಫ್ ಬ್ಲೂ' ಆಲ್ಬಂನಲ್ಲಿ ನುಡಿಸಿದರು. ಅದೇ ವರ್ಷ ತಮ್ಮದೇ 'ಜಯಂಟ್ ಸ್ಟೆಪ್ಸ್' ಧ್ವನಿಮುದ್ರಿಸಿದರು. 1961ರಲ್ಲಿ ಬಂದ 'ಮೈ ಫೇವರಿಟ್ ಥಿಂಗ್ಸ್' ಅವರನ್ನು ಜನಸಾಮಾನ್ಯರಿಗೆ ಪರಿಚಯಿಸಿತು. 'ದಿ ಸೌಂಡ್ ಆಫ್ ಮ್ಯೂಸಿಕ್' ಸಂಗೀತ ನಾಟಕದ ಹಾಡೊಂದನ್ನು ಅವರು ಸುಮಾರು 14 ನಿಮಿಷ ವಿಸ್ತರಿಸಿ ನುಡಿಸಿದ್ದರು. ಅದನ್ನು ಕತ್ತರಿಸಿ ಚಿಕ್ಕದು ಮಾಡಿದ ರೂಪವೊಂದು ರೇಡಿಯೊಗಳಲ್ಲಿ ಜನಪ್ರಿಯವಾಯಿತು.

ಭಾರತೀಯ ಸಂಗೀತದ ಕಡೆಗೆ ಅವರ ಕಿವಿ ತೆರೆದದ್ದೂ ಈ ಸುಮಾರಿಗೆ. ಪಂಡಿತ್ ರವಿಶಂಕರ್ ಅವರ ಧ್ವನಿಮುದ್ರಿಕೆಗಳನ್ನು ಶ್ರದ್ಧೆಯಿಂದ ಆಲಿಸಿದರು. ಅವರನ್ನು ಭೇಟಿಯಾಗಿ ರಾಗಪದ್ಧತಿಯ ಕುರಿತು ಕೇಳಿ ತಿಳಿದರು. 1961ರ ನವೆಂಬರಿನಲ್ಲಿ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ನುಡಿಸಿದ ಕೃತಿಯೊಂದಕ್ಕೆ 'ಇಂಡಿಯಾ' ಎಂದೇ ಹೆಸರಿಟ್ಟರು. 1965ರಲ್ಲಿ ಹುಟ್ಟಿದ ಮಗನಿಗೆ ರವಿ ಎಂದು ನಾಮಕರಣ ಮಾಡಿದರು. ಆ ರವಿ ಕೋಲ್ಟ್ರೇನ್ ಇಂದು ಸ್ವತಃ ಹೆಸರಾಂತ ಸ್ಯಾಕ್ಸೊಫೋನ್ ವಾದಕರು.

ಮೆಚ್ಚುಗೆಯಷ್ಟೇ ಟೀಕೆಯೂ ಬಂತು. ಅವರ ದೀರ್ಘ ಆಲಾಪಗಳು ಜಾಝ್ ಸಂಗೀತಕ್ಕೇ ವಿರೋಧಿ ಎಂದು 1961ರಲ್ಲಿ 'ಡೌನ್ ಬೀಟ್' ಪತ್ರಿಕೆಯ ವಿಮರ್ಶಕರೊಬ್ಬರು ದೂರಿದರು. ಕೋಲ್ಟ್ರೇನ್ ಜಗಳಕ್ಕಿಳಿಯಲಿಲ್ಲ, ಮರುವರ್ಷ ಅದೇ ಪತ್ರಿಕೆಯಲ್ಲಿ ತಮ್ಮ ಆಶಯವನ್ನು ಸೌಮ್ಯವಾಗಿ ವಿವರಿಸಿದರು. ಅಲಬಾಮಾದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ 1963ರ ಸೆಪ್ಟೆಂಬರ್ 15ರಂದು ವರ್ಣದ್ವೇಷಿಗಳು ಚರ್ಚಿಗಿಟ್ಟ ಬಾಂಬು ನಾಲ್ವರು ಕಪ್ಪು ಬಾಲಕಿಯರನ್ನು ಕೊಂದಿತು. ಎರಡು ತಿಂಗಳ ತರುವಾಯ ಕೋಲ್ಟ್ರೇನ್ 'ಅಲಬಾಮಾ' ಧ್ವನಿಮುದ್ರಿಸಿದರು. ಅದರಲ್ಲಿ ಮಾತಿಲ್ಲ, ಘೋಷಣೆಯಿಲ್ಲ. ಕೇಳುವವರಿಗೆ ಶೋಕ ಮಾತ್ರ ತಟ್ಟುತ್ತದೆ.

1964ರ ಡಿಸೆಂಬರ್ 9ರಂದು, ಮೆಕಾಯ್ ಟೈನರ್, ಜಿಮ್ಮಿ ಗ್ಯಾರಿಸನ್ ಮತ್ತು ಎಲ್ವಿನ್ ಜೋನ್ಸ್ ಅವರನ್ನೊಳಗೊಂಡ ನಾಲ್ವರ ತಂಡ 'ಎ ಲವ್ ಸುಪ್ರೀಮ್' ನುಡಿಸಿತು. ನಾಲ್ಕು ಭಾಗಗಳ, ಸುಮಾರು 33 ನಿಮಿಷಗಳ ಈ ಕೃತಿ, 1957ರಲ್ಲಿ ತಮ್ಮನ್ನು ಪಾರುಗಾಣಿಸಿದ ದೇವರಿಗೆ ಅವರು ಅರ್ಪಿಸಿದ ಕೃತಜ್ಞತೆ. ಟೀಕೆ ಪ್ರಕಟಿಸಿದ್ದ ಅದೇ 'ಡೌನ್ ಬೀಟ್' ಪತ್ರಿಕೆಯ ಓದುಗರು 1965ರಲ್ಲಿ ಇದನ್ನು ವರ್ಷದ ಆಲ್ಬಂ ಎಂದು ಆರಿಸಿದರು.

ಆ ವರ್ಷ ನ್ಯೂಯಾರ್ಕಿನ ಹಾಫ್ ನೋಟ್ ಕ್ಲಬ್ಬಿನಿಂದ ಅವರ ವಾದನ ರೇಡಿಯೊದಲ್ಲಿ ನೇರ ಪ್ರಸಾರವಾಯಿತು. ಪ್ರಸಾರದ ಅವಧಿ ಮುಗಿಯುವಾಗಲೂ ಅವರ ವಾದನ ಮುಗಿದಿರಲಿಲ್ಲ. ಕೇಳುಗರು ಮನೆಯಲ್ಲಿ ಮುದ್ರಿಸಿಕೊಂಡ ಟೇಪುಗಳು ದಶಕಗಳ ಕಾಲ ಕೈಯಿಂದ ಕೈಗೆ ಸಾಗಿದವು. 2005ರಲ್ಲಷ್ಟೇ ಅವು ಅಧಿಕೃತವಾಗಿ ಪ್ರಕಟಗೊಂಡವು.

1967ರಲ್ಲಿ ಯಕೃತ್ತಿನ ಕ್ಯಾನ್ಸರ್ ಅವರನ್ನು ಕೊಂಡೊಯ್ದಿತು. ಆಗಲೂ ಪ್ರಕಟವಾಗದ ಟೇಪುಗಳು ಉಳಿದಿದ್ದವು. 1963ರ ಮಾರ್ಚ್ 6ರಂದು ನುಡಿಸಿದ ಸಂಗೀತದ ಮೂಲ ಟೇಪು ಕಳೆದುಹೋಗಿತ್ತು. ಆದರೆ ಅವರು ಮನೆಗೆ ತಂದಿದ್ದ ಪ್ರತಿಯೊಂದು ನಈಮಾ ಅವರ ಕುಟುಂಬದಲ್ಲಿ ಉಳಿದಿದ್ದು, 2018ರಲ್ಲಿ 'ಬೋತ್ ಡೈರೆಕ್ಷನ್ಸ್ ಅಟ್ ಒನ್ಸ್' ಎಂಬ ಹೆಸರಿನಲ್ಲಿ ಹೊರಬಂತು. ಕೆನಡಾದ ಚಲನಚಿತ್ರವೊಂದಕ್ಕಾಗಿ 1964ರಲ್ಲಿ ನುಡಿಸಿದ್ದು 2019ರಲ್ಲಿ, 1965ರ ಸಿಯಾಟಲ್ ಕಛೇರಿ 2021ರಲ್ಲಿ, 1961ರ ವಿಲೇಜ್ ಗೇಟ್ ಕಛೇರಿ 2023ರಲ್ಲಿ ಬಂದವು.

ಹಳೆಯದೆಂಬ ಮರ್ಯಾದೆಗಾಗಿ ಮಾತ್ರ ಇವು ಪಟ್ಟಿ ಸೇರಿದವೆಂದು ಭಾವಿಸಬೇಕಿಲ್ಲ. ಕೆಲಸದಿಂದ ಹೊರದಬ್ಬಿಸಿಕೊಂಡ ವ್ಯಕ್ತಿಯೊಬ್ಬ ತನ್ನನ್ನು ತಾನೇ ತಿದ್ದಿಕೊಂಡು, ಹತ್ತು ವರ್ಷ ಬಿಡುವಿಲ್ಲದೆ ದುಡಿದದ್ದರ ಫಲವಿದು. ಜಾಝ್ ಪರಿಚಯವಿಲ್ಲದ ಓದುಗರು 'ಮೈ ಫೇವರಿಟ್ ಥಿಂಗ್ಸ್'ನಿಂದ ಆರಂಭಿಸಿ, 'ಅಲಬಾಮಾ' ಕೇಳಿ, ಬಳಿಕ 'ಎ ಲವ್ ಸುಪ್ರೀಮ್'ಗೆ ಬರಬಹುದು. ಮೂರನ್ನೂ ಕೇಳಲು ಒಂದು ಗಂಟೆ ಸಾಕು.